ಬಡಗಣ ಬದುವಿನ ಬೇವು

ಕಾಲುವೆ ನೀರು ಬಂದ ಮೇಲೆ ಬುಕ್ಕಸಾಗರದ ನಮ್ಮ ಹೊಲ ಗದ್ದೆಯಾಯಿತು. ದೇವರ ದಯೆ, ಅನ್ನಕ್ಕೆ ಕೊರತೆ ಬರಲಿಲ್ಲ. ಆದರೆ ನೆಲ ಸಮ ಮಾಡುವಾಗ ನನ್ನ ಯಜಮಾನರು ಒಂದು ಮರವನ್ನೂ ಉಳಿಸಿರಲಿಲ್ಲ.

ಶೀಗಿ ಹುಣ್ಣಿಮೆಗೆ ಭತ್ತ ಬಸುರಾಗಿರುತ್ತದೆ. ಭೂಮಿತಾಯಿಗೆ ಬಯಕೆಯೂಟವೆಂದು ಎಡೆಯ ಅನ್ನವನ್ನು ಪೈರಿಗೆ ಎರಚಿ ಚರಗ ಚೆಲ್ಲಿ, ಹೊಲದಲ್ಲೇ ಕೂತು ಉಣ್ಣಬೇಕು. ನಾವು ಚರಗ ಚೆಲ್ಲುತ್ತಿದ್ದದ್ದು ನಮ್ಮ ಗದ್ದೆಯಲ್ಲಿ, ಉಣ್ಣುತ್ತಿದ್ದದ್ದು ಮಾತ್ರ ಬಡಗಣ ಬದುವಿನಾಚೆ, ಉತ್ತರಕ್ಕಿರುವ ಪಕ್ಕದ ಹೊಲದವರ ಕಣದಲ್ಲಿ, ಅವರ ಬನ್ನಿಮರದ ಕೆಳಗೆ. ವಯಸ್ಸಿನಲ್ಲಿ ಹಿರಿಯರಾದ ಅವರನ್ನು ಅಣ್ಣ ಎನ್ನುತ್ತಿದ್ದೆವು. ಒಮ್ಮೆಯಾದರೂ ಆ ಊಟ ನಮ್ಮ ನೆಲದಲ್ಲಾಗಲೆಂದು ನನಗೆ ಆಸೆ.

ಒಂದು ಮಳೆಗಾಲ ಅರಣ್ಯ ಇಲಾಖೆಯವರೊಬ್ಬರು ಬಂದು, ಬದುವಿಗೆ ನೆಡಲು ಬೇವಿನ ಸಸಿ ಪುಕ್ಕಟೆ ಎಂದರು. ಕಟ್ಟಿಗೆ, ಗೊಬ್ಬರ, ಮಳೆ, ಎಲ್ಲ ಲಾಭ ಹೇಳಿದರು.

"ಮರ ಬಂದ್ರ ಗುಬ್ಬಿ ಬರ್ತಾವ. ಗುಬ್ಬಿ ಬಂದ್ರ ಭತ್ತ ಉಳಿತೈತೇನ್ರಿ? ಬ್ಯಾಡ" ಎಂದು ಯಜಮಾನರು ಅವರನ್ನು ಚಹಾ ಕುಡಿಸಿ ಕಳಿಸಿದರು.

ಆ ವರ್ಷದ ಹುಣ್ಣಿಮೆಗೂ ಬುತ್ತಿ ಹೊತ್ತು ಅಣ್ಣನ ಕಣಕ್ಕೇ ಹೋದೆವು.

"ಬಾರವ್ವ ತಂಗಿ, ಕುಂದ್ರು" ಎಂದ ಅಣ್ಣ ಯಜಮಾನರ ಕಡೆ ತಿರುಗಿ, "ಲೇ ತಮ್ಮಾ, ನೀರು ತಂದಿ, ನೆರಳು ತರೋದು ಮರ್ತಿ. ನೀ ಸತ್ರೂ ನನ್ನ ಗಿಡದ ಕೆಳಗೇ ಮಲಗ್ತಿಯೇನು?" ಎಂದರು. ಎಲ್ಲರೂ ನಕ್ಕರು. ಯಜಮಾನರು ಎರಡನೆಯ ಹೋಳಿಗೆ ಮುಟ್ಟಲಿಲ್ಲ.

ಮುಂದಿನ ಮಳೆಗೆ ತಾವೇ ಬಂಡಿ ಕಟ್ಟಿಕೊಂಡು ಹೋಗಿ ಸಸಿ ತಂದರು. ಕೇಳಿದವರಿಗೆ, "ನೇಗಿಲಿಗೆ ಕಟ್ಟಿಗಿ ಬೇಕಲ್ರಿ" ಎಂದರು. ಭತ್ತಕ್ಕೆ ನೆರಳು ತಾಗಬಾರದೆಂದು ಎಲ್ಲವನ್ನೂ ಬಡಗಣ ಬದುವಿಗೇ ನೆಟ್ಟರು. ನಾನು ಒಂದೊಂದಕ್ಕೂ ಅರಿಶಿನ ದಾರ ಕಟ್ಟಿದೆ. ದೇವರ ಗಿಡವೆಂದು ಆಳುಗಳು ಒಂದು ಟೊಂಗೆಯನ್ನೂ ಮುರಿಯಲಿಲ್ಲ.

ಕೆಲವು ವರ್ಷಕ್ಕೆ ಬೇವು ತಲೆ ಮೀರಿ ಬೆಳೆಯಿತು. ಹುಣ್ಣಿಮೆಯ ಮಧ್ಯಾಹ್ನ ಅದರ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಎಡೆ ಹಿಡಿದು, ಉಣ್ಣಲು ನೆರಳು ಹುಡುಕಿದರೆ, ಸೂರ್ಯ ತೆಂಕಣಕ್ಕೆ ವಾಲಿದ್ದಾನೆ. ನೆರಳೆಲ್ಲ ಬದು ದಾಟಿ ಅಣ್ಣನ ಕಣದಲ್ಲಿ ಬಿದ್ದಿದೆ!

ಅಣ್ಣ ಆಗಲೇ ಅದರಲ್ಲಿ ಚಾಪೆ ಹಾಸಿದ್ದರು. "ಬಾರಲೇ ತಮ್ಮಾ, ನಿನ್ನ ಗಿಡದ ಕೆಳಗ ಕುಂದ್ರು ಬಾ. ಬಾಡಿಗಿ ಕೇಳಂಗಿಲ್ಲ!"

ಯಜಮಾನರು ಒಂದು ಗಳಿಗೆ ಬಿಸಿಲಲ್ಲೇ ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನ ಮೂರು ಹೋಳಿಗೆ ಉಂಡರು.

ಭೂಮಿತಾಯಿಯ ಎಡೆಯಾದರೂ ನಮ್ಮ ಬದುವಿನ ಮೇಲಾಯಿತಲ್ಲ, ಅಷ್ಟೇ ಸಾಕೆಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಯಜಮಾನರೇ ಬಾಯಿ ಬಿಟ್ಟರು:

"ಮುಂದಿನ ಮಳಿಗೆ ತೆಂಕಣ ಬದುವಿಗೂ ನಾಕು ಸಸಿ ಹಚ್ಚೋಣು. ನೆರಳು ನಮ್ಮ ಹೊಲದಾಗ ಬೀಳ್ತೈತಿ."

"ಭತ್ತರೀ? ಗುಬ್ಬಿ ಬಂದ್ರ?"

"ಬರ್ಲಿ ಬಿಡು. ಹಬ್ಬದ ದಿನ ಅವೂ ಉಣ್ಲಿ."