ಪುಸ್ತಕಕ್ಕೊಂದು ಕೊಟೇಶನ್

ಮೊನ್ನೆ ಅಡುಗೆಮನೆಯ ಮೇಲಿನ ಶೆಲ್ಫ್ ಒರೆಸುವಾಗ ನನ್ನ ಹಳೆಯ ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ತಳವೆಲ್ಲ ಕಪ್ಪು, ಎಷ್ಟು ತಿಕ್ಕಿದರೂ ಹೋಗದು. ಮುಚ್ಚಳ ತೆಗೆದು ಮೂಸಿದೆ. ನಗಬೇಡಿ, ನೀವಾಗಿದ್ದರೂ ಮೂಸುತ್ತಿದ್ದಿರಿ. ಹುಳಿಯ ವಾಸನೆ ಎಂದೋ ಹೋಗಿತ್ತು. ಬಿಸಿ ಕಬ್ಬಿಣದ, ಎಣ್ಣೆಯ ವಾಸನೆ ಮಾತ್ರ ಇನ್ನೂ ಸ್ವಲ್ಪ ಉಳಿದಿದೆ ಅನ್ನಿಸಿತು. ನಿಜ ಹೇಳಬೇಕೆಂದರೆ ಶೆಲ್ಫ್ ಒರೆಸಲು ಹೊರಟದ್ದೇ ಬರೆಯುವ ಕೆಲಸದಿಂದ ತಪ್ಪಿಸಿಕೊಳ್ಳಲು. ಎರಡನೆಯ ಪುಸ್ತಕಕ್ಕೆ ಪ್ರಕಾಶಕರು ಪ್ರಸ್ತಾವ ಕಳಿಸಿ ಎಂದಿದ್ದಾರೆ. ಪುಸ್ತಕ ಯಾವುದರ ಬಗ್ಗೆ, ಯಾರು ಓದುತ್ತಾರೆ, ಯಾವಾಗ ಮುಗಿಯುತ್ತದೆ, ಇಷ್ಟೇ ಅವರಿಗೆ ಬೇಕಾದದ್ದು. ವಾರದಿಂದ ಒಂದು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ.

ಮೊದಲ ಪುಸ್ತಕದ ಕತೆ ಕೇಳಿ. ಆಗ ಬೆಂಗಳೂರಿನ ಪೀಣ್ಯದಲ್ಲಿ ಮೆಟ್ರೊ ಎಂದರೆ ಬರೀ ಕಂಬಗಳು, ಕಂಬದ ಸುತ್ತ ಧೂಳು. ನಾನು ಅಲ್ಲಿ ಗೇರ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೊಟೇಶನ್ ಬರೆಯುತ್ತಿದ್ದೆ. ಇಂಥ ಗೇರ್ ಮಾಡಿಕೊಡುತ್ತೀರಾ ಎಂದು ಯಾರಾದರೂ ಕೇಳಿದರೆ, ಏನು ಕೊಡುತ್ತೇವೆ, ಎಷ್ಟಕ್ಕೆ ಕೊಡುತ್ತೇವೆ, ಯಾವಾಗ ಕೊಡುತ್ತೇವೆ, ಸರಿಯಾಗದಿದ್ದರೆ ಏನು ಮಾಡುತ್ತೇವೆ ಎಂದು ಟೈಪು ಮಾಡಿ ಕಳಿಸುವುದು ನನ್ನ ಕೆಲಸ. ಮಾಲೀಕರು ರಂಗಣ್ಣ, ಅಲ್ಲಿನ ಹಳೆಯ ಊರಿನವರೇ. ಕಾರ್ಖಾನೆಯ ಶೆಡ್ಡು ನಿಂತ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ.

ಗೇರುಗಳನ್ನು ಕಾಯಿಸುವ ಫರ್ನೇಸ್ ನೋಡಿಕೊಳ್ಳುತ್ತಿದ್ದವನು ಬಾಗಲಕೋಟೆ ಕಡೆಯ ಮಲ್ಲಪ್ಪ. ನಮ್ಮ ಊಟದ ಡಬ್ಬಿಗಳೂ ಅವನದೇ ಸುಪರ್ದಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಡಬ್ಬಿಗಳನ್ನೂ ಫರ್ನೇಸಿನ ನೆತ್ತಿಯ ಮೇಲೆ ಜೋಡಿಸುವನು. ಸಾರಿನದು ನಡುವೆ, ಪಲ್ಯದ್ದು ಅಂಚಿಗೆ, ಮೊಸರನ್ನದ್ದು ದೂರದ ಬೆಂಚಿನ ಮೇಲೆ. ಬಿಸಿಬಿಸಿ ಬಿಚ್ಚಿದ ಪ್ರತಿಯೊಬ್ಬರೂ ಅವನ ಮುಚ್ಚಳಕ್ಕೆ ಒಂದು ಚಮಚ ಹಾಕಬೇಕು, ಅದು ಅವನ ಹಕ್ಕು. ಇದರ ಬಗ್ಗೆ ಒಂದು ಪತ್ರಿಕೆಯ ಪುರವಣಿಗೆ ಪುಟ್ಟ ಬರಹ ಕಳಿಸಿದ್ದೆ. ಅದನ್ನು ಓದಿದ ಪ್ರಕಾಶಕರೊಬ್ಬರು, ಇದನ್ನೇ ಪುಸ್ತಕ ಮಾಡಬಹುದಲ್ಲ, ಒಂದು ಪ್ರಸ್ತಾವ ಕಳಿಸಿ ಎಂದು ಕಾಗದ ಬರೆದರು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಮನೆ, ತವರುಮನೆ, ಹಾಲಿನ ಬೂತು, ಎಲ್ಲ ಕಡೆ ಹೇಳಿಕೊಂಡು ಬಂದೆ. ಹೇಳಿದ ಮೇಲೆ ಭಯವಾಯಿತು. ಪುಸ್ತಕ ಆಗದೇ ಹೋದರೆ ಮುಖ ಎಲ್ಲಿಡುವುದು? ಮುಖದ ಮಾತು ಹಾಗಿರಲಿ, ಬೆನ್ನಿನ ಮೇಲೆ ನನ್ನ ಹೆಸರಿರುವ ಒಂದು ಪುಸ್ತಕ ಬೇಕು ಎಂಬ ಆಸೆ ಶಾಲೆಯ ದಿನಗಳಿಂದ ಇತ್ತು. ಹಾಗಾಗಿ ಘನವಾಗಿಯೇ ಬರೆದೆ: ‘ಅನ್ನವೆಂಬುದು ಅನಾದಿ ಕಾಲದಿಂದಲೂ ಮಾನವನ ಅಂತರಂಗದ ಆರ್ತನಾದವಾಗಿದೆ.’ ಇಂಥದೇ ಎರಡು ಪುಟ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ.

ಮಲ್ಲಪ್ಪ ಬಾಯಲ್ಲಿದ್ದ ತುತ್ತು ನುಂಗಿ, "ಭಾಳ ಚೊಲೋ ಐತ್ರಿ ಅಕ್ಕಾರ. ಆದ್ರ ಮಾಲ್ ಏನಂತ ತಿಳೀವಲ್ದು," ಅಂದ.

ರಂಗಣ್ಣ ನೇರವಾಗಿ ಅಂದರು, "ಇಂಗ್ ಬರುದ್ರೆ ಯಾವನಮ್ಮ ಆರ್ಡರ್ ಕೊಟ್ಟಾನು? ದಿನಾ ಕೊಟೇಶನ್ ಬರೀತೀಯ, ನಿಂದೂ ಒಂದು ಬರ್ಕೊಳಕ್ಕಾಗಲ್ವಾ?"

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಂಪ್ಯೂಟರ್ ಮುಂದೆ ಕೂತು, ಗೇರಿನ ಕೊಟೇಶನ್ ತೆರೆದು, ಗೇರು ಅಳಿಸಿ ಪುಸ್ತಕ ತುಂಬಿದೆ.

‘ನಿಮ್ಮ ಎನ್‌ಕ್ವೈರಿಗೆ ಧನ್ಯವಾದಗಳು. ಮಾಲು: ಪೀಣ್ಯದ ಮಧ್ಯಾಹ್ನದ ಡಬ್ಬಿಗಳ ಬಗ್ಗೆ ಒಂದು ಪುಸ್ತಕ. ಬಳಸುವವರು: ಡಬ್ಬಿ ಕಟ್ಟುವವರು, ಡಬ್ಬಿ ಬಿಚ್ಚುವವರು. ಸ್ಯಾಂಪಲ್: ಬರೆದಿಟ್ಟ ಒಂದು ಅಧ್ಯಾಯ ಜೊತೆಗಿದೆ. ಡೆಲಿವರಿ: ಆರ್ಡರ್ ಖಚಿತವಾದ ಆರು ತಿಂಗಳಿಗೆ. ರಿಜೆಕ್ಟ್ ಆದ ಪುಟಗಳನ್ನು ವಾಪಸ್ ತಂದು ನಾವೇ ಸರಿಮಾಡಿ ಕೊಡುತ್ತೇವೆ.’

ಸಿಟ್ಟು ಇಳಿಯುವಷ್ಟರಲ್ಲಿ ಲಕೋಟೆ ಅಂಚೆ ಡಬ್ಬಿಗೆ ಬಿದ್ದಾಗಿತ್ತು. ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರಕಾಶಕರು ತಮ್ಮವರಿಗೆಲ್ಲ ಓದಿ ಹೇಳಿ ನಗುತ್ತಿರಬಹುದು ಎಂದು ಯೋಚಿಸಿ ಯೋಚಿಸಿ ಊಟ ಸೇರಲಿಲ್ಲ. ಸಾಲದ್ದಕ್ಕೆ ಮಲ್ಲಪ್ಪ ದಿನವೂ ಡಬ್ಬಿ ಕೊಡುತ್ತಾ, "ಆರ್ಡರ್ ಬಂತೇನ್ರಿ ಅಕ್ಕಾರ?" ಅನ್ನುವನು.

ಬಂತು! ಮೂರೇ ಸಾಲಿನ ಕಾಗದ. ‘ನಿಮ್ಮ ಕೊಟೇಶನ್ ಒಪ್ಪಿದ್ದೇವೆ. ಸ್ಯಾಂಪಲ್ ಪಾಸಾಗಿದೆ. ಮಾಲು ಹೇಳಿದ ಹೊತ್ತಿಗೆ ಬರಲಿ.’

ನಾನು ಕಿರುಚಿದ್ದಕ್ಕೆ ಯಾರದೋ ಬೆರಳು ಮಿಶನ್ನಿಗೆ ಸಿಕ್ಕಿರಬೇಕೆಂದು ಎಲ್ಲರೂ ಓಡಿ ಬಂದರು. ಹೊಸ ಗಿರಾಕಿಯ ಮೊದಲ ಆರ್ಡರ್ ಬಂದರೆ, ಆ ಕೆಲಸ ಮಾಡುವ ಮಿಶನ್ನಿಗೆ ಕಾಯಿ ಒಡೆಯುವುದು ನಮ್ಮ ಶೆಡ್ಡಿನ ಪದ್ಧತಿ. ರಂಗಣ್ಣ ಕಾಯಿ ತರಿಸಿದರು. "ನಂದಲ್ವಾ ಸಾರ್ ಈ ಆರ್ಡರ್, ಶೆಡ್ಡಿಗೇನು ಸಂಬಂಧ?" ಅಂದೆ.

"ನಮ್ ಶೆಡ್ಡಲ್ಲಿ ಟೈಪ್ ಮಾಡಿದ್ದು ನಮ್ ಆರ್ಡರ್ರೇ ಕಣಮ್ಮ," ಎಂದು ರಂಗಣ್ಣ ನನ್ನ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಅದರ ಪಕ್ಕದಲ್ಲೇ ಕಾಯಿ ಒಡೆದರು. ಕಾಯಿಯ ನೀರೆಲ್ಲ ಕೀಬೋರ್ಡಿನ ಮೇಲೆ. ಅವತ್ತು ಮಧ್ಯಾಹ್ನ ನಾನು ಮಲ್ಲಪ್ಪನ ಮುಚ್ಚಳಕ್ಕೆ ಚಮಚ ಚಾಚಿದರೆ ಅವನು ಬೇಡವೆಂದು ಕೈ ಅಡ್ಡ ಹಿಡಿದ. ತನ್ನ ರೊಟ್ಟಿಯನ್ನೇ ಮುರಿದು, ಶೇಂಗಾ ಚಟ್ನಿ ಹಚ್ಚಿ, ಎಲ್ಲರ ಡಬ್ಬಿಗೂ ಒಂದೊಂದು ಚೂರು ಹಾಕುತ್ತಾ ಬಂದ. ನನಗೆ ಅಳು ಬಂತು. ಚಟ್ನಿ ಖಾರ ಎಂದು ಸುಳ್ಳು ಹೇಳಿದೆ.

ಮೊನ್ನೆ ಡಬ್ಬಿಯನ್ನು ಒರೆಸಿ ಮೇಜಿನ ಮೇಲಿಟ್ಟುಕೊಂಡು, ವಾರವಿಡೀ ಹೆಣೆದಿದ್ದ ‘ನಗರಜೀವನದ ನಿರಂತರ ಚಲನಶೀಲತೆ’ಯನ್ನು ಅಳಿಸಿ ಹಾಕಿದೆ. ‘ನಿಮ್ಮ ಎನ್‌ಕ್ವೈರಿಗೆ ಧನ್ಯವಾದಗಳು. ಮಾಲು: ಪೀಣ್ಯದ ಸಂಜೆ ಬಸ್ಸುಗಳ ಬಗ್ಗೆ ಒಂದು ಪುಸ್ತಕ. ಬಳಸುವವರು: ಸೀಟು ಸಿಕ್ಕವರು, ಸಿಗದೆ ನಿಂತವರು.’ ತಡೆಯಲಾರದೆ ಮಲ್ಲಪ್ಪನಿಗೆ ಫೋನ್ ಹಚ್ಚಿ ಓದಿದೆ.

"ಹಾಂ, ಈಗ ಮಾಲ್ ಕಾಣಾಕತ್ತೈತ್ ನೋಡ್ರಿ," ಅಂದ.

ಅವತ್ತೇ ಸಂಜೆ ಅಂಗಡಿಗೆ ಹೋಗಿ ಒಂದು ತೆಂಗಿನಕಾಯಿ ತಂದಿದ್ದೇನೆ. ಕಂಪ್ಯೂಟರಿನಿಂದ ದೂರವೇ ಇಟ್ಟಿದ್ದೇನೆ.