ನಿಜ್ವಾದಲ್ಲಿ ಒಂಟೆ ಸುಕ್ಕ

ಒಮಾನಿನ ನಿಜ್ವಾದಲ್ಲಿರುವ ಅಕ್ಕನ ಮನೆಗೆ ನಾನು ಬಂದ ಮರುದಿನ ಭಾವ ಮಾರುಕಟ್ಟೆಯಿಂದ ಒಂಟೆ ಮಾಂಸ ತಂದರು. ಮಾರಿದವರು ಪಕ್ಕದ ಮನೆಯ ಸಾಲೆಂ. ಕಾಲು ಮುರಿದುಕೊಂಡಿದ್ದ ಅವರದೇ ಒಂಟೆಯ ಮಾಂಸವಂತೆ. ಅಕ್ಕನಿಗೂ ಇದು ಹೊಸತು. ಕುಕ್ಕರ್ ಎಷ್ಟು ಕೂಗಿದರೂ ಬೇಯದ ಮಾಂಸ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಯಿತು. ಊರಿಂದ ನಾನು ತಂದ ಮಸಾಲೆ, ಹುರಿದ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದಳು. ಒಳ್ಳೆಯ ರುಚಿಯಿತ್ತು. "ಸಾಲೆಂ ಅವರಿಗೂ ಸ್ವಲ್ಪ ಕೊಟ್ಟು ಬನ್ನಿ" ಎಂದು ನಮ್ಮಿಬ್ಬರನ್ನು ಕಳಿಸಿದಳು.

ಸಾಲೆಂ ಮುಚ್ಚಳ ತೆಗೆದು ಪರಿಮಳ ನೋಡಿ ನಕ್ಕರು. ಮಕ್ಕಳನ್ನು ಕರೆದು ಬಡಿಸಿದರು. ತಾವು ಮಾತ್ರ ಮುಟ್ಟಲಿಲ್ಲ.

"ಖಾರ ಹೆಚ್ಚಾಯಿತಾ?" ಭಾವ ಹಿಂದಿಯಲ್ಲಿ ಕೇಳಿದರು.

"ಅದಲ್ಲ. ನಾನು ಕರೆದರೆ ಓಡಿ ಬರುತ್ತಿದ್ದ ಒಂಟೆ ಅದು" ಎಂದು ಸಾಲೆಂ ನಮಗೆ ಕಾಫಿ ಬಗ್ಗಿಸಿದರು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಗಾಗಿದೆ ಅಂದರು?"

"ಮಕ್ಕಳೆಲ್ಲ ಖಾಲಿ ಮಾಡಿದರು ಮಾರಾಯ್ತಿ" ಎಂದರು ಭಾವ.