ಎಲೆ ಗಾಡಿಯ ಮುಂದಿನ ಸೀಟು

ಎಲೆಯ ತೊಟ್ಟು ಚಿವುಟಿ, ಹಿಂಬದಿಗೆ ಸುಣ್ಣ ಸವರಿ, ಅಡಿಕೆ ಚೂರಿನ ಪಕ್ಕ ಅರ್ಧಕ್ಕೆ ಮುರಿದ ಬಿಳಿ ಗುಳಿಗೆಯೊಂದನ್ನು ಇಟ್ಟು ಅಪ್ಪ ಮಡಚಿದ. ಮೊಣಕೈ ಸ್ಟೀರಿಂಗಿನ ಮೇಲಿತ್ತು. ಬಾಯಿಗಿಟ್ಟುಕೊಂಡ ಮೇಲೆ ನಾನು ನೋಡಿದ್ದು ಅವನಿಗೆ ಗೊತ್ತಾಯಿತು.

"ಇದು ಕಣ್ಣಿಗೆ," ಅಂದ. ನಾನು ಏನೂ ಕೇಳಿರಲಿಲ್ಲ.

ನಮ್ಮದು ಸವಣೂರು. ಅಪ್ಪನದೊಂದು ಕ್ಯಾಂಟರ್ ಲಾರಿ ಇದೆ. ಸುತ್ತಲಿನ ತೋಟಗಳ ವೀಳ್ಯದೆಲೆಯನ್ನು ಪುಣೆಯ ಮಾರುಕಟ್ಟೆಗೆ ಒಯ್ಯುತ್ತಾನೆ. ಬುಟ್ಟಿಗೆ ತುಂಬಿ, ನೀರು ಚಿಮುಕಿಸಿ, ಮೇಲೆ ಬಾಳೆಲೆ ಮುಚ್ಚಿದರೂ ಎಲೆ ಬಹಳ ಹೊತ್ತು ತಾಳುವುದಿಲ್ಲ. ಬೆಳಗಿನ ವ್ಯಾಪಾರದ ಹೊತ್ತಿಗೆ ಅಲ್ಲಿರಬೇಕು. ಗೋವಿನಜೋಳದ ಲಾರಿಯವರು ಧಾಬಾದ ಮುಂದೆ ಗಾಡಿ ಹಚ್ಚಿ ಮಲಗುತ್ತಾರೆ, ಎಲೆ ಗಾಡಿಯವರು ಮಲಗುವುದಿಲ್ಲ. ನಮ್ಮ ಮನೆಯಲ್ಲಿ ಇದು ಹೆಮ್ಮೆಯ ಮಾತಾಗಿತ್ತು. ಎಂ.ಎಸ್ಸಿ. ಓದುವಾಗ ಗೆಳತಿಯರಿಗೆ ನಾನೂ ಹೇಳಿದ್ದೆ, ನಮ್ಮಪ್ಪನಿಗೆ ನಿದ್ದೆ ಕಡಿಮೆ ಎಂದು.

ಅಂದು ಅಪ್ಪನ ತಂಗಿಯ ಮಗನ ನಿಶ್ಚಯ. ಹೆಣ್ಣಿನವರು ಹಿರೇಕೆರೂರಿನವರು. ಬಳಗದಲ್ಲಿ ಯಾವ ಕಾರ್ಯವಿದ್ದರೂ ಜನರನ್ನು ಕರೆದೊಯ್ಯಲು ಅಪ್ಪನ ಗಾಡಿಯೇ ಆಗಬೇಕು; ಬರುತ್ತೀಯಾ ಎಂದು ಯಾರೂ ಕೇಳುವುದೂ ಇಲ್ಲ. ಅಪ್ಪ ಬೆಳಿಗ್ಗೆಯಷ್ಟೇ ಪುಣೆಯಿಂದ ಬಂದು, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಮತ್ತೆ ಗಾಡಿ ಹತ್ತಿದ್ದ. ಎಲೆಯ ವಾಸನೆ ಹೋಗದ ಹಲಗೆಗಳ ಮೇಲೆ ಜಮಖಾನ ಹಾಸಿದ್ದೆವು. ಶಿಗ್ಗಾವಿಯಲ್ಲಿ ಅತ್ತೆ ಮತ್ತು ಅವಳ ಓಣಿಯವರು ಹತ್ತಿದರು. ಮದುಮಗ ಕಾರಿನಲ್ಲಿ ಮುಂದೆ ಹೋಗಿದ್ದ. ಸೀರೆ, ಸಕ್ಕರೆಯ ತಟ್ಟೆಗಳ ಕಾವಲಿಗೆಂದು ಅತ್ತೆ ಗಾಡಿಯಲ್ಲೇ ಉಳಿದಳು. ಹಾನಗಲ್ಲಿನಲ್ಲಿ ಇನ್ನಷ್ಟು ಜನ ಹತ್ತಿದರು. ಅವರಲ್ಲಿ ಅಪ್ಪನಿಗೆ ಯಾವಾಗಲೂ ಲೋಡು ಕೊಡುವ ಎಲೆ ವ್ಯಾಪಾರಿಯ ತಮ್ಮನೂ ಇದ್ದ. ಅವರೆಲ್ಲ ಹತ್ತುತ್ತಿರುವಾಗಲೇ ಅಪ್ಪ ಆ ಎಲೆ ಮಡಚಿದ್ದು. ಅವ್ವ ಹಿಂದೆ ಹೆಂಗಸರ ಜೊತೆಗಿದ್ದಳು. ಓದಿದವಳೆಂದು ಮುಂದಿನ ಸೀಟು ನನ್ನದಾಗಿತ್ತು.

ಹಾನಗಲ್ಲಿನವರೆಗೆ ಅಪ್ಪ ಎಡೆಬಿಡದೆ ಮಾತಾಡಿದ್ದ. ಅದೇ ನನಗೆ ವಿಚಿತ್ರ ಅನ್ನಿಸಿತ್ತು, ಅವನು ಮಾತಿನವನಲ್ಲ. ಟೋಲಿನಲ್ಲಿ ನಡೆದ ಒಂದು ಜಗಳವನ್ನು ಮೊದಲ ಸಲ ಹೇಳುವವನಂತೆ ಮತ್ತೆ ಮತ್ತೆ ಹೇಳಿದ್ದ. ಹಾನಗಲ್ಲು ದಾಟಿದ ಮೇಲೆ ಒಮ್ಮೆಗೇ ಸುಮ್ಮನಾದ. ದವಡೆ ಮಾತ್ರ ಆಡುತ್ತಿತ್ತು. ಅಕ್ಕಿಆಲೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಗಾಡಿ ನಿಧಾನವಾಗಿ ಎಡಕ್ಕೆ, ಗದ್ದೆಯ ಕಡೆಗೆ ಸರಿಯತೊಡಗಿತು. ಅಂಚಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಡೆಯುತ್ತಿದ್ದಳು. ನಾನು ಅಪ್ಪನ ಮುಖ ನೋಡಿದೆ. ಕಣ್ಣು ತೆರೆದೇ ಇದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ.

"ಅಪ್ಪಾ," ಅಂದೆ. ಅವನು ಗಕ್ಕನೆ ಸ್ಟೀರಿಂಗ್ ತಿರುಗಿಸಿದ. ಹೊರೆ ಕನ್ನಡಿಯನ್ನು ಸವರಿ ಹಿಂದೆ ಹೋಯಿತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಮಾವಾ, ಗದ್ದ್ಯಾಗ ನಾಟಿಗೆ ಇಳಸ್ತೀರೇನು ನಮ್ಮನ್ನ?" ಎಂದು ಯಾರೋ ಕೂಗಿದರು.

ಸ್ವಲ್ಪ ಹೊತ್ತು ಎಲ್ಲಾದರೂ ನಿಲ್ಲಿಸಿ ಮಲಗು ಎಂದು ಮೆಲ್ಲಗೆ ಹೇಳಿದೆ.

"ಏನಂತ ನಿಲ್ಲಸ್ಲಿ? ಹಿಂದ ಸಾವಕಾರ್ರ ತಮ್ಮ ಕುಂತಾನ. ಎಲಿ ಗಾಡಿಯಂವಗ ನಿದ್ದಿ ಬಂತು ಅಂತ ಗೊತ್ತಾದ್ರ ನಾಳೆ ಲೋಡ್ ಯಾರ್ ಕೊಡ್ತಾರ?" ಅಂದ. ಸಿಟ್ಟಿರಲಿಲ್ಲ. ನಾಲಿಗೆ ತೊದಲುತ್ತಿತ್ತು.

ಹಿಂದೆ ಅವ್ವ ಇದ್ದಳು. ಹಾಲು ಕುಡಿಯುವ ಕೂಸುಗಳಿದ್ದವು. ನಿಜ ಹೇಳಿದರೆ ಅಪ್ಪನ ದುಡಿಮೆ ಹೋಗುತ್ತಿತ್ತು, ಹೇಳದಿದ್ದರೆ ಏನು ಹೋಗುತ್ತಿತ್ತೆಂದು ಈಗಷ್ಟೇ ಕಂಡಿದ್ದೆ. ಅಕ್ಕಿಆಲೂರು ಹತ್ತಿರವಾದಾಗ ಹೊಟ್ಟೆ ಹಿಡಿದುಕೊಂಡು ಬಗ್ಗಿದೆ. ಹೊಟ್ಟೆನೋವು, ತಡೆಯಲಾಗುತ್ತಿಲ್ಲ, ಗಾಡಿ ನಿಲ್ಲಿಸು ಎಂದು ಹಿಂದಿನವರಿಗೂ ಕೇಳುವಂತೆ ಕೂಗಿದೆ. ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವಳಲ್ಲ. ಅಪ್ಪ ಅಕ್ಕಿ ಗಿರಣಿಯ ಪಕ್ಕದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ನನ್ನನ್ನೊಮ್ಮೆ ನೋಡಿ, ಕೀಲಿ ತೆಗೆದ.

ಎಲ್ಲರೂ ಇಳಿದು ಸುತ್ತುಗಟ್ಟಿದರು. ಅವ್ವ ಯಾರದೋ ಚೀಲದಿಂದ ಅಜವಾನ ತಂದು ಬಾಯಿಗೆ ಹಾಕಿದಳು. ವಯಸ್ಸಾದ ಒಬ್ಬಾಕೆ ಗಂಡಸರ ಎದುರೇ ನನ್ನ ತಿಂಗಳ ಲೆಕ್ಕ ಕೇಳಿದಳು. ಅತ್ತೆ ತಟ್ಟೆ ಎದೆಗವಚಿಕೊಂಡು ನಿಂತಿದ್ದಳು.

"ಯವ್ವಾ, ನನ್ನ ಮಗನ ನಿಶ್ಚೇದ ದಿನಾನ ಬರಬೇಕಿತ್ತೇನ ನಿನ್ನ ಹೊಟ್ಟಿನೋವು? ಇಷ್ಟು ವರ್ಷ ಸಾಲಿ ಕಲತಿ, ಮುಂಜಾನೆ ಏನ್ ತಿನ್ನಬೇಕು ಅನ್ನೂದು ಕಲೀಲಿಲ್ಲ."

ಆಗ ಅಪ್ಪ ಮಾತಾಡಿದ. "ನೀವೆಲ್ಲಾ ಬಸ್ಸಿಗೆ ನಡೀರಿ. ಇಕೀಗೆ ಕಡಿಮಿ ಆದಮ್ಯಾಲೆ ನಾವು ಬರ್ತೇವಿ."

ನನ್ನ ಸುಳ್ಳಿಗೆ ಅವನು ಕೈ ಹಚ್ಚಿದ್ದು ನನಗೆ ಮಾತ್ರ ತಿಳಿಯಿತು. ತಟ್ಟೆಗಳನ್ನು ತಲೆಯ ಮೇಲಿಟ್ಟುಕೊಂಡು, ಗೊಣಗುತ್ತ, ಅವರು ಬಸ್ ನಿಲ್ದಾಣದ ಕಡೆ ಹೋದರು. ಅಪ್ಪ ಹಿಂದೆ ಹತ್ತಿ ಜಮಖಾನದ ಮೇಲೆ ಬಿದ್ದುಕೊಂಡ. ಚಪ್ಪಲಿಯನ್ನೂ ಬಿಡಲಿಲ್ಲ. ಗಿರಣಿಯಿಂದ ತೌಡಿನ ಧೂಳು ಬಂದು ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ಮುಂದಿನ ಸೀಟಿನಲ್ಲಿ ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು. ನನಗೆ ನಿಜವಾಗಿಯೂ ಹೊಟ್ಟೆ ನೋಯಲು ಶುರುವಾಗಿತ್ತು, ಬರೀ ಅಜವಾನದಿಂದ ಇರಬೇಕು.

ನಾವು ಮುಟ್ಟಿದಾಗ ಕೊನೆಯ ಪಂಕ್ತಿಯೂ ಎದ್ದಿತ್ತು. ಹೆಣ್ಣಿನ ಕಡೆಯವರು "ಹೊಟ್ಟಿನೋವಿನಾಕಿ ಇಕೀನ ಏನು?" ಎಂದು ವಿಚಾರಿಸಿದರು. ನನಗೆ ಗಂಡು ನೋಡುತ್ತಿದ್ದ ಅವ್ವನ ಮುಖ ಸಣ್ಣದಾಯಿತು. ಎಲ್ಲರೂ ಬಂದು ಸೇರಿದ್ದರು. ನಾನು ಅದನ್ನಷ್ಟೇ ನೋಡಿಕೊಂಡೆ.

ಸಂಜೆ ವಾಪಸಾಗುವಾಗ, ಮತ್ತೆ ನಡುದಾರಿಯಲ್ಲಿ ಇಳಿಯಬೇಕಾದೀತೆಂದು, ಬೇರೆ ಯಾರೂ ನಮ್ಮ ಗಾಡಿ ಹತ್ತಲಿಲ್ಲ. ಅವ್ವ ಹಿಂದೆ ಮಲಗಿದ್ದಳು. ಅಕ್ಕಿಆಲೂರಿನ ಗಿರಣಿ ದಾಟಿದ ಮೇಲೆ ಅಪ್ಪ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: "ನಿದ್ದಿ ತಡ್ಯಾಕ ಧಾಬಾದಾಗ ಚಾದ ಜೋಡಿನ ಕೊಡ್ತಾರ ಆ ಗುಳಿಗಿನ. ಎಲಿ ಗಾಡಿ ಹೊಡೆಯವ್ರೆಲ್ಲಾ ತಗೋತಾರ. ಅದನ್ನ ಬಿಟ್ರ ಗಾಡಿ ಬಿಡಬೇಕು." ನಾಳೆ ಲೋಡು ಇದೆಯೇ ಎಂದು ಕೇಳಿದೆ. ಇದೆ ಅಂದ.

ಮರುದಿನ ಬೆಳಿಗ್ಗೆ ಅಪ್ಪ ಇನ್ನೂ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಅವನ ಫೋನಿನಿಂದ ವ್ಯಾಪಾರಿಗೆ ಕರೆ ಮಾಡಿದೆ. "ಸಾವಕಾರ್ರ, ನನ್ನ ಹೊಟ್ಟಿನೋವು ಕಡಿಮಿ ಆಗಿಲ್ರಿ. ಅಪ್ಪ ನನ್ನ ಹುಬ್ಬಳ್ಳಿ ದವಾಖಾನಿಗೆ ಕರಕೊಂಡ ಹೋಗ್ಬೇಕು. ಇವತ್ತೊಂದಿನ ಬ್ಯಾರೆ ಗಾಡಿ ನೋಡ್ರಿ." ತಮ್ಮ ಎಲ್ಲ ಹೇಳಿದ್ದಾನೆ, ಗಂಜಿ ಕುಡಿದು ಮಲಗು ಎಂದು ಅವರು ಕನಿಕರದಿಂದ ಅಂದರು. ಗೋಡೆಯ ಕಡೆಯಿಂದ ಅಪ್ಪ ಹೊರಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅಷ್ಟರಲ್ಲಿ ಅವ್ವ ಗಂಜಿ ಕಾಸಿ ತಂದಳು. ನಾನು ಹೊಸ್ತಿಲಲ್ಲಿ ಕುಳಿತು, ಉಪ್ಪಿಲ್ಲದ ಅದನ್ನು ಪೂರ್ತಿ ಕುಡಿದೆ.